ಗುಂಡಿಪೆಟ್ಟಿಗೆಯ ಎಂಟು ಮಾತ್ರೆಗಳು

ಟಪ್.

ಬೆಳ್ಳಿಹಾಳೆ ಹರಿದು ಮಾತ್ರೆಯೊಂದು ಸ್ಟೀಲ್ ಬಟ್ಟಲಿಗೆ ಬಿದ್ದ ಸದ್ದು. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಗುಂಡಿ ಅಜ್ಜಿ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಟಪ್. ಟಪ್. ನಡುಮನೆಯಲ್ಲಿ ಸೊಸೆ ಮಾವನ ಬೆಳಗಿನ ಮಾತ್ರೆಗಳನ್ನು ಒಡೆಯುತ್ತಿದ್ದಳು. ದಪ್ಪ ಮಾತ್ರೆ ಬಿದ್ದರೆ ಬಟ್ಟಲು ಠಣ್ಣೆನ್ನುತ್ತದೆ. ಸಣ್ಣದು ಒಂದು ಸುತ್ತು ಉರುಳಿ ಸುಮ್ಮನಾಗುತ್ತದೆ. ಕ್ಯಾಪ್ಸೂಲಿಗೆ ಹಾಳೆ ಹರಿಯುವ ಸದ್ದಷ್ಟೇ, ಬಿದ್ದ ಸದ್ದಿಲ್ಲ. ನಾಲ್ಕು ವರ್ಷ ಇದೆಲ್ಲ ಅಜ್ಜಿಯ ಕೈಯಿಂದ ಹೊರಡುತ್ತಿದ್ದ ಸದ್ದು. ಆರು ದಿನದಿಂದ ಅವಳ ಪಾಲಿಗೆ ಉಳಿದದ್ದು ಕೇಳುವುದೊಂದೇ.

ಏಳು. ಎಂಟು.

ಆಮೇಲೆ ಸದ್ದಿಲ್ಲ. ಲೋಟ ಅಜ್ಜಿಯ ಕೈಯಲ್ಲೇ ಉಳಿಯಿತು. ಎಂಟು. ತಾನು ಕೊಡುತ್ತಿದ್ದದ್ದೂ ಎಂಟೇ.

ಮೂವತ್ತಮೂರು ವರ್ಷ ಮಾಡಿದ ಕೆಲಸದಿಂದ ಅವಳಿಗೆ ಗುಂಡಿ ಅಜ್ಜಿ ಎಂಬ ಹೆಸರು. ಬೀದಿಯ ಕೊನೆಯಲ್ಲಿದ್ದ ಹೊಲಿಗೆ ಅಂಗಡಿಯಲ್ಲಿ ಗುಂಡಿ ತೂರುವ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು, ಇವೆರಡೇ ಅವಳ ಪಾಲಿಗೆ ಬಂದದ್ದು. ಮಾಸ್ಟರ್ ಅಳತೆ ಹಿಡಿದು ಕತ್ತರಿಸುತ್ತಿದ್ದ, ಮೂವರು ಮಷೀನಿನಲ್ಲಿ ಹೊಲಿಯುತ್ತಿದ್ದರು, ಕಡೆಗೆ ಅಂಗಿ ಅವಳ ಮಡಿಲಿಗೆ ಬಂದು ಬೀಳುತ್ತಿತ್ತು. ಅವಳು ಕಣ್ಣು ಹಾಯಿಸಿ, ಕಾಜಾದ ಬಾಯಿಗೆ ದಾರದ ತುಟಿ ಕಟ್ಟಿ, ಗುಂಡಿ ಇಟ್ಟು, ನಾಲ್ಕು ಸಲ ಸೂಜಿ ಇಳಿಸಿ ನಾಲ್ಕು ಸಲ ಏರಿಸಿ, ಬುಡಕ್ಕೆ ಸುತ್ತು ಹಾಕಿ ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ಅವಳು ಹಚ್ಚಿದ ಗುಂಡಿ ಬಿಚ್ಚಿಕೊಂಡಿತೆಂದು ಯಾರೂ ಆ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಅದು ಅವಳ ಜಂಬ. ಅಂಗಡಿ ಮುಚ್ಚಿದ ದಿನ ಮಾಸ್ಟರ್ ಅವಳಿಗೆ ಗುಂಡಿಪೆಟ್ಟಿಗೆಯನ್ನು ಕೊಟ್ಟ. ಇಪ್ಪತ್ತನಾಲ್ಕು ಗೂಡುಗಳ, ಮುಚ್ಚಳವಿರುವ ಮರದ ಪೆಟ್ಟಿಗೆ.

ಅವಳ ಗಂಡ ನೀರಿನ ಪಂಪ್‌ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಎಪ್ಪತ್ತನಾಲ್ಕನೆಯ ವಯಸ್ಸಿಗೆ ಅವನ ಎದೆ ಕೈಕೊಟ್ಟಿತು. ಮೊದಲು ಎರಡು ಮಾತ್ರೆ ಬಂದವು, ಅದರಲ್ಲೊಂದು ನಾಡಿ ಇಳಿಸುವ ಬಿಳಿಯದು. ಆಮೇಲೆ ನೀರು ಇಳಿಸಲು ಒಂದು, ನೀರಿನ ಜೊತೆ ಹೋಗುವುದನ್ನು ತುಂಬಲು ಇನ್ನೊಂದು, ಹೊಟ್ಟೆ ಉರಿಗೆ ಒಂದು, ಸಕ್ಕರೆಗೆ ಒಂದು. ಒಬ್ಬ ಡಾಕ್ಟರ್ ಬರೆದದ್ದಕ್ಕೆ ಇನ್ನೊಬ್ಬ ಡಾಕ್ಟರ್ ಸೇರಿಸುತ್ತಿದ್ದ, ಯಾರೂ ಒಂದನ್ನೂ ಕಳೆಯುತ್ತಿರಲಿಲ್ಲ. ಬೆಳಿಗ್ಗೆ ಏಳು, ಮಧ್ಯಾಹ್ನ ಎರಡು, ರಾತ್ರಿ ಮೂರು ಎಂಬಲ್ಲಿಗೆ ಬಂದು ನಿಂತಾಗ ಅಜ್ಜಿ ಗುಂಡಿಪೆಟ್ಟಿಗೆಯನ್ನು ಕೆಳಗಿಳಿಸಿ ಒರೆಸಿದಳು.

ಅವಳಿಗೆ ತನ್ನ ಭಾಷೆ ಓದಲು ಬರುತ್ತದೆ. ಮಾತ್ರೆಯ ಮೇಲಿರುವುದು ಇಂಗ್ಲಿಷ್. ಅದನ್ನು ಅವಳು ಗುಂಡಿಯ ಮೇಲಿನ ಚಿತ್ತಾರದ ಹಾಗೆ ನೋಡುತ್ತಾಳೆ. ಇದಕ್ಕೆ ಮೊದಲು ಕೊಕ್ಕೆ, ಆಮೇಲೆ ಎರಡು ಬಳೆ. ಇದಕ್ಕೆ ಏಣಿ. ಅಂಗಡಿಯಲ್ಲಿ ಪ್ರತಿ ಗುಂಡಿಯ ಮಾದರಿಯನ್ನೂ ಒಂದು ಬಟ್ಟೆಗೆ ಹಚ್ಚಿಡುವ ರೂಢಿಯಿತ್ತು. ಮನೆಯಲ್ಲೂ ಅವಳು ಹಾಗೇ ಮಾಡಿದಳು. ಬಿಳಿ ಬಟ್ಟೆಯೊಂದರ ಮೇಲೆ, ಪ್ರತಿ ಮಾತ್ರೆಯ ಖಾಲಿ ಸ್ಟ್ರಿಪ್ಪಿನಿಂದ ಹೆಸರಿರುವ ತುಂಡನ್ನು ಕತ್ತರಿಸಿ ಹೊಲಿದಳು. ಕೆಂಪು ದಾರದ್ದು ಬೆಳಿಗ್ಗೆ, ಹಳದಿ ಮಧ್ಯಾಹ್ನ, ಕಪ್ಪು ರಾತ್ರಿ. ತುಂಡಿನ ಪಕ್ಕ ಎಷ್ಟು ಗಂಟು ಇದೆಯೋ ಅಷ್ಟು ಮಾತ್ರೆ. ಮೂಲೆ ಮುರಿದರೆ ಅರ್ಧ. ಖಾಲಿಯಾದ ಸ್ಟ್ರಿಪ್ಪುಗಳನ್ನು ಅವಳು ಎಸೆಯುತ್ತಲೂ ಇರಲಿಲ್ಲ. ಚಿಂದಿ ಎಸೆಯದ ಕೈ ಅದು. ಪೆಟ್ಟಿಗೆಯ ಜೊತೆಗೊಂದು ಬಟ್ಟೆಚೀಲ, ಆ ತಿಂಗಳ ಖಾಲಿ ಸ್ಟ್ರಿಪ್ಪುಗಳೆಲ್ಲ ಅದರೊಳಗೆ.

ನಾಲ್ಕು ವರ್ಷ ಒಂದು ಮಾತ್ರೆ ಹೆಚ್ಚಾಗಲಿಲ್ಲ, ಒಂದು ಕಡಿಮೆಯಾಗಲಿಲ್ಲ.

ಕಳೆದ ತಿಂಗಳು ಮುದುಕನಿಗೆ ಉಸಿರು ಕಟ್ಟಿತೆಂದು ಮೂರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡಿದ್ದರು. ಮನೆಗೆ ಕಳಿಸುವಾಗ ಹೊಸ ಚೀಟಿ ಕೊಟ್ಟರು. ಮಗ ಅದನ್ನು ಬೀದಿಯ ಮೆಡಿಕಲ್ ಶಾಪಿನಲ್ಲಿ ತೋರಿಸಿ ಮಾತ್ರೆ ತಂದ. ಅದರಲ್ಲೊಂದು ಹೊಸಮುಖವಿತ್ತು, ಗುಲಾಬಿ ಬಣ್ಣದ್ದು, ಸಣ್ಣದು. ಅಜ್ಜಿ ಕೇಳದೆ ಬಿಡಲಿಲ್ಲ. ಆಸ್ಪತ್ರೆಯಿಂದ ಹೊರಡುವಾಗಲೇ ನರ್ಸಮ್ಮನನ್ನು ಕೇಳಿದ್ದಳು, "ಮನೇಲಿರೋ ಹಳೇದನ್ನ ಏನು ಮಾಡ್ಲಿ?" ನರ್ಸಮ್ಮ ತಲೆಯೆತ್ತದೆ, "ಮುಂದುವರಿಸಿ ಅಜ್ಜಿ," ಎಂದಿದ್ದಳು. ಮೆಡಿಕಲ್ ಶಾಪಿನವನನ್ನು ಕೇಳಿದ್ದಳು, "ಈ ಗುಲಾಬೀದು ಯಾತಕ್ಕಪ್ಪ? ಹಳೇದು ಯಾವುದನ್ನಾದ್ರೂ ಬಿಡಬೇಕಾ?" ಅವನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, "ಚೀಟೀಲಿ ಇರೋದು ಕೊಟ್ಟಿದೀನಿ," ಎಂದಿದ್ದ. ಮಗನನ್ನು ಕೇಳಿದ್ದಳು. ಅವನು ಲಿಫ್ಟ್ ಮೆಕ್ಯಾನಿಕ್, ಬೆಳಗ್ಗಿನಿಂದ ಬಾವಿಯಂಥ ಕತ್ತಲಲ್ಲಿ ನೇತಾಡಿ ಬಂದವನು. "ಅಮ್ಮಾ, ಡಾಕ್ಟರಿಗಿಂತ ನಿನಗೆ ಹೆಚ್ಚು ಗೊತ್ತಾ? ಬರೆದಷ್ಟು ಕೊಡು," ಎಂದು ಮಗ್ಗುಲಾಗಿದ್ದ.

ಅವಳು ಬರೆದಷ್ಟು ಕೊಟ್ಟಳು. ಬಿಳಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಎಂಟನೆಯ ತುಂಡು ಹೊಲಿದಳು. ಹನ್ನೆರಡನೆಯ ದಿನ ಮುದುಕ ಬಚ್ಚಲಲ್ಲಿ ಕುಸಿದುಬಿದ್ದ.

ಆಸ್ಪತ್ರೆಯಲ್ಲಿ ನಾಡಿ ನಲವತ್ತೆರಡಿತ್ತು. ಒಬ್ಬರು ಬಂದು ರಕ್ತ ತೆಗೆದರು, ಇನ್ನೊಬ್ಬರು ಎದೆಗೆ ತಂತಿ ಅಂಟಿಸಿದರು, ಮೂರನೆಯವರು ಕೇಳಿದರು, "ನಾಡಿ ಇಳಿಸೋ ಮಾತ್ರೆ ಹೆಚ್ಚಾಗಿ ಹೋಗಿದೆ. ಮನೇಲಿ ಮಾತ್ರೆ ಕೊಡೋರು ಯಾರು?"

ಮಗ, ಸೊಸೆ ಇಬ್ಬರೂ ಅಜ್ಜಿಯತ್ತ ತಿರುಗಿದರು. ಅಷ್ಟೇ. ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಆದರೆ ಆ ಎರಡು ಮುಖಗಳಲ್ಲಿ ಮರುಕವಿತ್ತು, ಮರುಕಕ್ಕೆ ಏನೆಂದು ಉತ್ತರ ಕೊಡುವುದು. ಎರಡು ದಿನ ಆ ಬಗೆಯ ಮಾತ್ರೆ ನಿಲ್ಲಿಸಿ, ನಾಡಿ ಮೇಲೆ ಬಂದಮೇಲೆ, ಹಿಂದಿನ ಚೀಟಿಯಂತೆಯೇ ಸರಿಯಾಗಿ ಕೊಡಿ ಎಂದು ಹೇಳಿ ಕಳಿಸಿದರು. ಡಿಸ್ಚಾರ್ಜ್ ಕಾಗದದ ಕೆಳಗೆ ಒಂದು ಸಾಲು ಬರೆದಿದ್ದರು. ಅಜ್ಜಿ ಆಟೋದಲ್ಲಿ ಮಗನ ಕೈಯಿಂದ ಕಾಗದ ಕಿತ್ತುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು.

"ಇದೇನು ಬರೆದಿದೆ?"

"ಏನಿಲ್ಲಮ್ಮ."

"ಏನಿಲ್ಲದೇ ಇರೋದಕ್ಕೆ ಒಂದು ಸಾಲು ಯಾಕೆ ಖರ್ಚು ಮಾಡಿದಾರೆ? ಓದು."

ಮಗ ರಸ್ತೆ ನೋಡುತ್ತ ಓದಿದ. ಮನೆಯಲ್ಲಿ ವಯಸ್ಸಾದ ಹೆಂಡತಿಯ ಮರೆವಿನಿಂದ ಮಾತ್ರೆ ಎರಡೆರಡು ಸಲ ಕೊಟ್ಟಿರುವ ಸಾಧ್ಯತೆ.

ಮನೆಗೆ ಬಂದ ಸಂಜೆಯೇ ಗುಂಡಿಪೆಟ್ಟಿಗೆ ಬೀರುವಿನ ಮೇಲೇರಿತು. ಸೊಸೆ ಏಳು ಮುಚ್ಚಳಗಳ ಪ್ಲಾಸ್ಟಿಕ್ ಡಬ್ಬಿ ತಂದಳು, ವಾರಕ್ಕೊಂದು ಸಲ ತುಂಬುವಂಥದ್ದು. ಅದರ ಗೂಡುಗಳಲ್ಲಿ ಎಂಟು ಮಾತ್ರೆ ಹಿಡಿಸದೆ ಮುಚ್ಚಳ ಮೇಲೆದ್ದು ನಿಂತಿತು. ಹಾಗಾಗಿ ಅವಳೂ ದಿನಾ ಬೆಳಿಗ್ಗೆ ಕೂತು ಸ್ಟ್ರಿಪ್ಪಿನಿಂದಲೇ ಒಡೆಯಬೇಕಾಯಿತು. "ಅತ್ತೆ, ನಿಮಗ್ಯಾಕೆ ಈ ತಲೆನೋವು, ಹಾಯಾಗಿರಿ," ಎಂದಳು. ಕೆಟ್ಟವಳಲ್ಲ ಸೊಸೆ. ಆ ಮಾತಿನಲ್ಲೂ ಕೆಡುಕಿರಲಿಲ್ಲ. ಅದಕ್ಕೇ ಅಜ್ಜಿಗೆ ಮೈಯೆಲ್ಲ ಉರಿಯಿತು.

ಆ ಆರು ದಿನ ಒಳಗೊಳಗೇ ಬೇರೆಯದೊಂದು ಹುಳು ಕೊರೆಯುತ್ತಿತ್ತು. ನಿಜವಾಗಿ ಮರೆತಿದ್ದೆನಾ? ಕೊಟ್ಟು, ಮತ್ತೆ ಕೊಟ್ಟೆನಾ? ಮರೆತದ್ದು ಮರೆತವಳಿಗೆ ಗೊತ್ತಾಗುವುದು ಹೇಗೆ?

ಈಗ ಲೋಟ ಕೆಳಗಿಟ್ಟು, ಕೈ ಸೆರಗಿಗೆ ಒರೆಸಿಕೊಂಡು ಅಜ್ಜಿ ನಡುಮನೆಗೆ ಬಂದಳು.

"ಏನಮ್ಮಾ, ಎಂಟು ಹಾಕಿದೆಯಾ?"

"ಹೌದು ಅತ್ತೆ, ಎಂಟೇ."

"ಚೀಟಿ ನೋಡ್ಕೊಂಡೇ ಹಾಕಿದ್ದಾ?"

ಸೊಸೆ ಶಾಲೆಯಲ್ಲಿ ಗಣಿತದ ಟೀಚರ್. ಕೈಗಡಿಯಾರ ಕಟ್ಟಿಕೊಳ್ಳುತ್ತ ಸಣ್ಣಗೆ ನಕ್ಕಳು. "ಎರಡೂ ಚೀಟಿ ನೋಡಿದೀನಿ ಅತ್ತೆ, ಹಳೇದು, ಹೊಸದು. ನಲವತ್ತು ಮಕ್ಕಳಿಗೆ ಲೆಕ್ಕ ಹೇಳ್ಕೊಡೋಳಿಗೆ ಎಂಟು ಎಣಿಸೋಕೆ ಬರಲ್ವಾ?"

"ನನಗೂ ಬರ್ತಿತ್ತು. ಯಾರೂ ನಂಬಲಿಲ್ಲ."

"ಮತ್ತೆ ಶುರು ಮಾಡಬೇಡಮ್ಮ," ಎಂದ ಮಗ, ಬೂಟಿನ ದಾರ ಕಟ್ಟುತ್ತ. "ಯಾರು ನಿನ್ನ ತಲೆ ಮೇಲೆ ಗೂಬೆ ಕೂರಿಸಿದ್ದು? ವಯಸ್ಸಾಯ್ತು, ಆಗುತ್ತೆ."

ಇಬ್ಬರೂ ಹೊರಟರು. ಬಾಗಿಲು ಮುಚ್ಚಿತು. ಮುದುಕ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತು ಎಂಟನ್ನೂ ನುಂಗಿ ಮುಗಿಸಿದ್ದ. ಅವನ ಮುಖ ಹಳೆಯ ಅಂಗಿಯ ಕಾಲರಿನ ಬಣ್ಣಕ್ಕೆ ತಿರುಗಿತ್ತು. ಅಜ್ಜಿ ಮೊಣಕಾಲೂರಿ ಕುಳಿತು ಅವನ ಮಣಿಕಟ್ಟು ಹಿಡಿದಳು. ಆಸ್ಪತ್ರೆಯಲ್ಲಿ ನರ್ಸಮ್ಮ ಹಿಡಿಯುವುದನ್ನು ನೋಡಿ ಕಲಿತದ್ದು. ಕಣ್ಣು ಗೋಡೆ ಗಡಿಯಾರದ ಮೇಲೆ.

"ಏನೇ ಇದು, ಹೊಸದಾಗಿ ಕೈ ಹಿಡಿಯೋ ಆಸೆ?"

"ಬಾಯಿ ಮುಚ್ಕೊಂಡಿರಿ. ಎಣಿಕೆ ತಪ್ಪುತ್ತೆ."

"ಹಳೇ ಪಂಪು ಕಣೆ. ಹೀಗೇ ಮುಕ್ಕರಿಸ್ಕೊಂಡು ಓಡುತ್ತೆ. ನಿನ್ನೆಯಿಂದ ಎದ್ದು ನಿಂತರೆ ನೆಲ ಒಂದು ಸುತ್ತು ಬರುತ್ತೆ, ಅಷ್ಟೇ."

"ನಿನ್ನೆಯಿಂದ? ಯಾಕ್ರೀ ಹೇಳಲಿಲ್ಲ?"

ಮುದುಕ ಕಿಟಕಿಯ ಕಡೆ ನೋಡಿದ. "ಹೇಳಿದ್ರೆ ಮತ್ತೆ ನಿನ್ನ ಹೆಸರೇ ಬರುತ್ತಲ್ಲ."

ಮುಳ್ಳು ಒಂದು ಸುತ್ತು ಮುಗಿಸಿತು. ನಲವತ್ತಾರು.

ಅಜ್ಜಿ ಮೇಲೆದ್ದಳು. ಆರು ದಿನದಿಂದ ಎದೆಯಲ್ಲಿ ಕೊರೆಯುತ್ತಿದ್ದ ಹುಳು ತೆಪ್ಪಗಾಯಿತು. ಅದರ ಜಾಗದಲ್ಲಿ ಎದ್ದದ್ದು ಸಿಟ್ಟು, ಸ್ಪಷ್ಟವಾದದ್ದು, ಸಾಣೆ ಹಿಡಿದದ್ದು. ಗಣಿತದ ಟೀಚರಮ್ಮ ಎರಡೆರಡು ಸಲ ಕೊಟ್ಟಿಲ್ಲ. ಅವಳಿಗೆ ಮರೆವಿಲ್ಲ. ಆದರೂ ನಾಡಿ ಇಳಿದಿದೆ. ಹಾಗಾದರೆ ಕೊಡುವ ಕೈಯಲ್ಲಿ ತಪ್ಪಿಲ್ಲ, ಆ ಎಂಟರಲ್ಲೇ ತಪ್ಪಿದೆ.

"ಕುರ್ಚಿಯಿಂದ ಏಳಕೂಡದು ನೀವು. ಬಚ್ಚಲಿಗೆ ಹೋಗಬೇಕಾದ್ರೆ ನನ್ನ ಕೂಗಿ."

"ನೀನೆಲ್ಲಿಗೆ?"

"ಬೀರು ಮೇಲಕ್ಕೆ."

"ಎಪ್ಪತ್ತೊಂದಾಯ್ತು ನಿನಗೆ. ಬಿದ್ದು ಗಿದ್ದು ಹೋದೀಯ."

"ಬೀಳೋ ಸರದಿ ನಿಮ್ಮದು. ನನ್ನದಿನ್ನೂ ಬಂದಿಲ್ಲ."

ಸ್ಟೂಲಿನ ಒಂದು ಕಾಲು ಗಿಡ್ಡ. ಹಳೆಯ ಪತ್ರಿಕೆ ಮಡಿಸಿ ಕೆಳಗಿಟ್ಟು, ಬೀರುವಿನ ಹಿಡಿ ಹಿಡಿದು, ಹಲ್ಲು ಕಚ್ಚಿ ಹತ್ತಿದಳು. ಪೆಟ್ಟಿಗೆಯ ಮೇಲೆ ಆರು ದಿನದ ಧೂಳು. ಎದೆಗವಚಿಕೊಂಡು ಇಳಿಸಿದಳು. ಬಟ್ಟೆಚೀಲ ಅದರ ಪಕ್ಕದಲ್ಲೇ ಇತ್ತು, ಯಾರೂ ಬಿಚ್ಚಿ ನೋಡಿರಲಿಲ್ಲ.

ನೆಲದ ಮೇಲೆ ಚಾಪೆ ಹಾಸಿ ಚೀಲ ಸುರಿದಳು. ಖಾಲಿ ಸ್ಟ್ರಿಪ್ಪುಗಳು, ಬೆಳ್ಳಿ, ಕಂದು, ನೀಲಿ. ಮೊದಲು ನಾಡಿಯ ಹಳೆಯ ಬಿಳಿ ಮಾತ್ರೆಯ ಖಾಲಿ ಗುಳಿಗಳನ್ನು ಎಣಿಸಿದಳು. ಮುದುಕ ಆಸ್ಪತ್ರೆಯಿಂದ ಬಂದಾಗಲೇ ಚೀಲ ಹೊಸದಾಗಿ ಶುರುವಾಗಿತ್ತು, ಆ ಹನ್ನೆರಡು ದಿನಕ್ಕೆ ಹನ್ನೆರಡು. ಗುಲಾಬಿಯದನ್ನು ಎಣಿಸಿದಳು. ಹನ್ನೆರಡು. ಪ್ರತಿಯೊಂದನ್ನೂ ಹಾಗೇ ಎಣಿಸಿದಳು. ಎಲ್ಲವೂ ಹನ್ನೆರಡು. ಯಾವುದೂ ಎರಡೆರಡು ಸಲ ಹೋಗಿರಲಿಲ್ಲ.

ಅಳು ಬಂದಿದ್ದರೆ ಅಳುತ್ತಿದ್ದಳೇನೋ. ಬರಲಿಲ್ಲ.

ಆಮೇಲೆ ಗುಲಾಬಿಯ ತುಂಡುಗಳನ್ನು ಬೇರೆ ಮಾಡಿದಳು. ಮೆಡಿಕಲ್ ಶಾಪಿನವನು ಹತ್ತರ ಸ್ಟ್ರಿಪ್ಪನ್ನು ಉದ್ದಕ್ಕೆ ಕತ್ತರಿಸಿ ಐದೈದರ ತುಂಡು ಮಾಡಿ ಕೊಟ್ಟಿದ್ದ. ಆ ಕತ್ತರಿಕೆಯನ್ನು ನೋಡಿದಾಗಲೆಲ್ಲ ಅವಳಿಗೆ ರೇಗುತ್ತಿತ್ತು. ಮಾಸ್ಟರ್ ಕತ್ತರಿ ಇಡುವ ಮೊದಲು ಬಟ್ಟೆಯನ್ನು ಮೂರು ಸಲ ಸವರುತ್ತಿದ್ದ, ಹೊಲಿಗೆಗೆಂದು ಎರಡು ಬೆರಳು ಅಂಚು ಬಿಡುತ್ತಿದ್ದ. ಇವನೋ ಹೆಸರಿನ ಹೊಟ್ಟೆಯ ಮೇಲೇ ಕತ್ತರಿ ಆಡಿಸಿದ್ದ. ದೊಡ್ಡ ಅಕ್ಷರದ ಹೆಸರು ಒಂದು ಬದಿಗೆ ಉಳಿದಿತ್ತು, ಅದನ್ನೇ ಅವಳು ಮಾದರಿಬಟ್ಟೆಗೆ ಹೊಲಿದದ್ದು. ಅದರ ಕೆಳಗೆ ಇರುವೆಯಂಥ ಸಣ್ಣ ಅಕ್ಷರದ ಸಾಲೊಂದಿತ್ತು. ಕತ್ತರಿ ಅದರ ನಟ್ಟನಡುವೆ ಹೋಗಿ, ಅಕ್ಷರಗಳ ತಲೆ ಒಂದು ತುಂಡಿನಲ್ಲೂ ಕಾಲು ಇನ್ನೊಂದು ತುಂಡಿನಲ್ಲೂ ಉಳಿದಿದ್ದವು.

ಅವಳಿಗೆ ಮಾಸ್ಟರ್ ನೆನಪಾದ. ಒಮ್ಮೆ ಎರಡು ಕಡೆಯ ವ್ಯಾಪಾರಿಗಳು ಎರಡು ಬೇರೆ ಹೆಸರಿನ ಡಬ್ಬಿಗಳಲ್ಲಿ ಗುಂಡಿ ತಂದಿದ್ದರು. ಒಂದು ಕಪ್ಪು, ಒಂದು ಕಂದು. ಮಾಸ್ಟರ್ ಎರಡನ್ನೂ ಮಗುಚಿ ಹಿಂಬದಿ ತೋರಿಸಿದ್ದ. ಎರಡರ ಬೆನ್ನಿಗೂ ಒಂದೇ ಅಚ್ಚಿನ ಸಣ್ಣ ಗೀರು. "ಮುಖ ನೋಡಿ ಮರುಳಾಗಬೇಡಮ್ಮ, ಬೆನ್ನು ನೋಡು. ಒಂದೇ ಅಚ್ಚಲ್ಲಿ ಹುಯ್ದದ್ದು, ಬಣ್ಣ ಬೇರೆ ಬಳಿದವ್ರೆ."

ಮೂವತ್ತಮೂರು ವರ್ಷ ನೆನಪಿಟ್ಟ ಮಾತು ಬೇಕಾದ ದಿನ ಎಲ್ಲಿ ಹೋಗಿತ್ತು? ಅಜ್ಜಿ ತನ್ನ ಹಣೆಗೆ ತಾನೇ ಬಡಿದುಕೊಂಡಳು. ಆ ಒಂದು ಏಟು ಅವಳದೇ ಪಾಲು, ಅದನ್ನು ಯಾರಿಗೂ ಹಂಚಲಿಲ್ಲ.

ಸೂಜಿಗೆ ದಾರ ಪೋಣಿಸುವಾಗ ಹಿಡಿಯುವ ಭೂತಗನ್ನಡಿ ತಂದಳು. ಹರಿದ ಬೆಳ್ಳಿಹಾಳೆಗಳನ್ನು ಉಗುರಿನಿಂದ ನೀವಿ ಚಪ್ಪಟೆ ಮಾಡಿದಳು. ಹರಿದ ಅಂಗಿಯ ಎರಡು ಅಂಚು ಸೇರಿಸುವ ಹಾಗೆ ತುಂಡಿಗೆ ತುಂಡು ಹೊಂದಿಸಿದಳು. ಮೊದಲನೆಯ ಎರಡು ತುಂಡು ಕೂಡಲಿಲ್ಲ, ಅಂಚು ಬೇರೆ. ಸೊಸೆ ಖಾಲಿ ಮಾಡಿ ಎಸೆದ ತುಂಡಿಗಾಗಿ ಕಸದ ಬುಟ್ಟಿ ಕೆದಕಿದಳು.

"ಏನು ಕಳ್ಕೊಂಡೆ?" ಎಂದ ಮುದುಕ ಕುರ್ಚಿಯಿಂದಲೇ.

"ಮರ್ಯಾದೆ," ಎಂದಳು ಅಜ್ಜಿ, ತಲೆಯೆತ್ತದೆ.

ಬುಟ್ಟಿಯಿಂದ ಬಂದ ತುಂಡು ಸರಿಯಾಗಿ ಕೂತಿತು. ತಲೆಗೆ ಕಾಲು ಸೇರಿ ಸಾಲು ಇಡಿಯಾಯಿತು. ಗುಂಡುಸೂಜಿಯಿಂದ ಎರಡನ್ನೂ ಮಾದರಿಬಟ್ಟೆಗೆ ಚುಚ್ಚಿ, ಪಕ್ಕದಲ್ಲಿ ಹಳೆಯ ಬಿಳಿ ಮಾತ್ರೆಯ ಸ್ಟ್ರಿಪ್ಪಿಟ್ಟು ಭೂತಗನ್ನಡಿ ಹಿಡಿದಳು. ದೊಡ್ಡ ಹೆಸರುಗಳು ಬೇರೆ ಬೇರೆ. ಕೆಳಗಿನ ಸಣ್ಣ ಸಾಲು? ಮೊದಲು ಎರಡು ಗುಡ್ಡ, ಇಲ್ಲೂ ಎರಡು ಗುಡ್ಡ. ಆಮೇಲೆ ಕಿವಿಯೋಲೆ, ಇಲ್ಲೂ ಕಿವಿಯೋಲೆ. ಒಂದೊಂದೇ ಅಕ್ಷರದ ಮೇಲೆ ಸೂಜಿಯ ಮೊನೆಯಿಟ್ಟು ಎರಡನ್ನೂ ಕೊನೆಯವರೆಗೆ ನಡೆಸಿದಳು.

ಬೆನ್ನು ಒಂದೇ. ಬಣ್ಣ ಬೇರೆ ಬಳಿದಿದ್ದರು.

ಮೆಡಿಕಲ್ ಶಾಪು ಆರು ಮನೆ ಆಚೆ. ಅಂಗಡಿಯವನು ಕಟ್ಟೆಯ ಮೇಲೆ ಕತ್ತರಿ ಹಿಡಿದು ಯಾರಿಗೋ ಸ್ಟ್ರಿಪ್ ತುಂಡು ಮಾಡುತ್ತಿದ್ದ. ಅಜ್ಜಿ ಗಾಜಿನ ಮೇಲೆ ಮಾದರಿಬಟ್ಟೆ ಹರಡಿದಳು.

"ಏನಜ್ಜಿ ಇದು, ಕಸೂತಿನಾ?"

"ಇದನ್ನ ಓದು. ಈ ಸಣ್ಣ ಸಾಲು. ಆಮೇಲೆ ಇದನ್ನ."

ಅವನು ಬಗ್ಗಿ ನೋಡಿದ. "ಎರಡೂ ಒಂದೇನೇ ಅಜ್ಜಿ. ಕಂಪನಿ ಬೇರೆ ಅಷ್ಟೇ."

ಅಷ್ಟೇ. ಅವನು ಆ ಮಾತನ್ನು ಎಷ್ಟೋ ಸಲೀಸಾಗಿ ಅಂದುಬಿಟ್ಟಿದ್ದ. ಗಂಡನ ಎದೆ ನಿಲ್ಲುವಷ್ಟಕ್ಕೆ ಹೋಗಿತ್ತು, ಇವನಿಗೆ ಕಂಪನಿ ಬೇರೆ ಅಷ್ಟೇ.

"ಎರಡನ್ನೂ ಒಟ್ಟಿಗೆ ತಗೊಂಡ್ರೆ?"

"ಅಯ್ಯೋ, ತಗೋಬಾರದು. ಡಬಲ್ ಆಗುತ್ತೆ. ನಾಡಿ ಬಿದ್ದುಹೋಗುತ್ತೆ."

"ಎರಡನ್ನೂ ಕೊಟ್ಟೋನು ನೀನು."

ಕತ್ತರಿ ನಿಂತಿತು. "ಚೀಟೀಲಿ..."

"ನಾಲ್ಕು ವರ್ಷದಿಂದ ತಿಂಗಳು ತಿಂಗಳೂ ಬಿಳೀದು ಕೊಟ್ಟೋನು ನೀನೇ. ಗುಲಾಬೀದು ಕೊಟ್ಟ ದಿನ ಇದೇ ಗಾಜಿನ ಮುಂದೆ ನಿಂತು ಕೇಳಿದೆ, ಹಳೇದು ಬಿಡಬೇಕಾ ಅಂತ. ಫೋನಲ್ಲಿ ಯಾರ ಜೊತೆ ನಗ್ತಿದ್ಯೋ, ನೆನಪಿದೆಯಾ? ನನಗಿದೆ. ನನಗೆ ಮರೆವು ಅಂತ ಕಾಗದದಲ್ಲೇ ಬರೆದಿದಾರೆ, ಆದರೂ ನೆನಪಿದೆ."

"ಅಜ್ಜಿ, ಡಾಕ್ಟರ್ ಬರೆದಿದ್ದನ್ನ ನಾನು ಹೇಗೆ..."

"ಫೋನ್ ಮಾಡು."

"ಯಾರಿಗೆ?"

"ನನ್ನ ಮಗನಿಗೆ. ಈಗ ನನಗೆ ಹೇಳಿದ್ಯಲ್ಲ, ಅದೇ ಮಾತು ಹೇಳು. ಒಂದಕ್ಷರ ಹೆಚ್ಚು ಬೇಡ, ಕಡಿಮೆ ಬೇಡ. ನಾನು ಹೇಳಿದ್ರೆ ವಯಸ್ಸಾಯ್ತು ಅಂತಾನೆ. ನಿನ್ನ ಬಾಯಿಗಿನ್ನೂ ವಯಸ್ಸಾಗಿಲ್ಲ."

ಅವನು ಫೋನ್ ಮಾಡಿದ. ಅಜ್ಜಿ ಗಾಜಿನಿಂದ ಕೈ ತೆಗೆಯದೆ ನಿಂತು ಪ್ರತಿ ಮಾತನ್ನೂ ಕೇಳಿಸಿಕೊಂಡಳು. ಮುಗಿದ ಮೇಲೆ ಬಟ್ಟೆ ಮಡಚಿದಳು. ಹೊರಡುವ ಮುನ್ನ ತಿರುಗಿ ನಿಂತಳು. "ಇನ್ನೊಂದು ಮಾತು. ಹೆಸರಿನ ಮೇಲೆ ಕತ್ತರಿ ಇಡಬೇಡ. ಅಂಚು ಬಿಟ್ಟು ಕತ್ತರಿಸು. ಹೊಲಿಗೆ ಅಂಗಡೀಲಿ ಹೀಗೆ ಕತ್ತರಿಸಿದ್ರೆ ಎರಡನೇ ದಿನ ಮನೆಗೆ ಕಳಿಸ್ತಿದ್ರು."

ಮಗ ಅರ್ಧ ಗಂಟೆಯಲ್ಲಿ ಬಂದ, ಗ್ರೀಸಿನ ಕೈಯಲ್ಲೇ. ಅಮ್ಮನ ಮುಖ ನೋಡಲಿಲ್ಲ. ಅಪ್ಪನನ್ನು ಎತ್ತಿ ಆಟೋದಲ್ಲಿ ಕೂರಿಸಿದ. ಅಜ್ಜಿಯ ತೊಡೆಯ ಮೇಲಿದ್ದ ಗುಂಡಿಪೆಟ್ಟಿಗೆಯನ್ನು, "ಭಾರ, ಕೊಡಮ್ಮ," ಎಂದು ತಾನು ತೆಗೆದುಕೊಂಡ. ಹಳ್ಳದಲ್ಲಿ ಆಟೋ ಎಗರಿದಾಗಲೆಲ್ಲ ಅವಳು ಪೆಟ್ಟಿಗೆಗೆ ಮತ್ತೆ ತುಂಬಿದ್ದ ಮಾತ್ರೆಯ ಸ್ಟ್ರಿಪ್ಪುಗಳು ಕರಕರ ಅಂದವು.

ಆಸ್ಪತ್ರೆಯಲ್ಲಿ ಮುದುಕನನ್ನು ಮಲಗಿಸಿ ಎದೆಗೆ ತಂತಿ ಹಚ್ಚಿದರು. ಗಂಡಾಂತರವಿಲ್ಲ, ಸಂಜೆಯವರೆಗೆ ಇರಲಿ ಎಂದರು. ತಾಯಿ ಮಗ ಇಬ್ಬರೂ ಮೊಗಸಾಲೆಯ ಆ ತುದಿಯಲ್ಲಿದ್ದ ಡಾಕ್ಟರ ಕೋಣೆಗೆ ಹೋದರು. ಚಿಕ್ಕ ವಯಸ್ಸಿನ ಡಾಕ್ಟರ್, ಕಣ್ಣು ಕಂಪ್ಯೂಟರಿನ ಮೇಲೆ. ಅಜ್ಜಿ ಮೇಜಿನ ಮೇಲೆ ಬಟ್ಟೆ ಬಿಡಿಸಿ, ಗುಂಡುಸೂಜಿ ಚುಚ್ಚಿದ ತುಂಡುಗಳನ್ನು ತೋರಿಸಿ, ಖಾಲಿ ಗುಳಿಗಳ ಲೆಕ್ಕ ಹೇಳಿದಳು. ಡಾಕ್ಟರ್ ಎರಡು ಚೀಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಕತ್ತಿನ ಮೇಲೆ ಕೈಯಾಡಿಸಿಕೊಂಡ.

"ಹೌದು. ಎರಡೂ ಒಂದೇ ಮಾತ್ರೆ," ಎಂದ ಮಗನ ಕಡೆ ತಿರುಗಿ. "ಗುಲಾಬೀದು ನಿಲ್ಲಿಸಿಬಿಡಿ. ಬಿಳೀದು ಮಾತ್ರ ನಾಳೆಯಿಂದ. ಅಡ್ಮಿಟ್ ಆದಾಗ ಮನೇಲಿ ಏನು ತಗೋತಿದ್ರು ಅನ್ನೋ ಪಟ್ಟಿ ನಮ್ಮ ಸಿಸ್ಟಂಗೆ ಬಂದಿರಲಿಲ್ಲ. ಇಂಥದ್ದು ಕೆಲವು ಸಲ ಆಗುತ್ತೆ."

"ಆಗುತ್ತೆ ಅನ್ನಬೇಡಿ," ಎಂದಳು ಅಜ್ಜಿ. "ಆಗೋದು ಮಳೆ. ಇದು ಮಾಡಿದ್ದು. ಅಡ್ಮಿಟ್ ಆದ ದಿನ ಇದೇ ಬಟ್ಟೆ ತಂದು ನಿಮ್ಮೋರಿಗೆ ತೋರಿಸಿದ್ದೆ. ಚೆನ್ನಾಗಿದೆ ಅಜ್ಜಿ ಅಂತ ಮಡಚಿಕೊಟ್ಟರು."

ಡಾಕ್ಟರ್ ಮೊದಲ ಸಲ ಅವಳ ಮುಖ ನೋಡಿದ. "ತಪ್ಪಾಗಿದೆ ಅಜ್ಜಿ. ಒಪ್ಕೋತೀನಿ. ಹೊಸ ಚೀಟಿ ಬರೆದುಕೊಡ್ತೀನಿ."

"ಅದರ ಪಕ್ಕ ನನಗೆ ಓದೋಕೆ ಬರೋ ಅಕ್ಷರದಲ್ಲೂ ಬರೀರಿ. ಯಾವುದು ಯಾತಕ್ಕೆ, ಯಾವುದಕ್ಕೆ ಇನ್ನೊಂದು ಹೆಸರಿದೆ, ಎಲ್ಲ."

ಡಾಕ್ಟರ್ ತಡವರಿಸಿ ಬರೆದ, ಶಾಲೆಯ ಮಕ್ಕಳ ಹಾಗೆ ದುಂಡಗೆ. ಅಜ್ಜಿ ಪ್ರತಿ ಸಾಲನ್ನೂ ಓದಿ, ಬಟ್ಟೆಯ ಮೇಲಿನ ತುಂಡಿಗೆ ಹೋಲಿಸಿ, ತಲೆದೂಗಿದಳು. ಹದಿಮೂರು ಸಾಲು ಹನ್ನೆರಡಾಗಿತ್ತು. ಮಡಚಿ ಸೆರಗಿನ ತುದಿಗೆ ಗಂಟು ಹಾಕಿದಳು. ಆಮೇಲೆ ಹಿಂದಿನ ಡಿಸ್ಚಾರ್ಜ್ ಕಾಗದ ತೆಗೆದು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು.

"ಇದನ್ನ ಹೊಡೆದುಹಾಕಿ."

"ಯಾವುದು?"

"ಹೆಂಡತಿಯ ಮರೆವು."

"ಅದು ಹಳೇ ದಾಖಲೆ ಅಜ್ಜಿ. ತಿದ್ದೋಕೆ ಬರಲ್ಲ. ಸುಮ್ನೆ ಸಾಧ್ಯತೆ ಅಂತ ಬರೆದಿದಾರೆ ಅಷ್ಟೇ."

"ನನ್ನ ಮಗ ಆ ಸಾಧ್ಯತೆ ನೋಡಿ ನನ್ನ ಪೆಟ್ಟಿಗೆ ಬೀರು ಮೇಲಿಟ್ಟ."

"ಅಮ್ಮಾ," ಎಂದ ಮಗ, ನೆಲ ನೋಡುತ್ತ. "ಬಿಡಮ್ಮ. ತಪ್ಪಾಯ್ತು ಅಂತ ಅಂದರಲ್ಲ."

"ಬಾಯಲ್ಲಿ ಅಂದರು. ಇದು ಕಾಗದದಲ್ಲಿದೆ."

ಡಾಕ್ಟರ್ ಕುರ್ಚಿಯನ್ನು ಮಗನ ಕಡೆ ತಿರುಗಿಸಿದ. ದನಿ ತಗ್ಗಿತು, ಆದರೆ ಕೋಣೆ ಸಣ್ಣದು. "ನೋಡಿ, ಅವರಿಗೆ ಬೇಜಾರಾಗಿದೆ, ಅರ್ಥ ಆಗುತ್ತೆ. ಆದರೂ ಈ ವಯಸ್ಸಲ್ಲಿ ಇಷ್ಟೊಂದು ಮಾತ್ರೆ ಒಬ್ಬರ ಕೈಯಲ್ಲೇ ಬಿಡೋದು ಬೇಡ. ಮನೇಲಿ ಓದಿದೋರು ಯಾರಾದ್ರೂ ನೋಡ್ಕೊಳ್ಳಲಿ. ಹೇಗೂ ಬಂದಿದೀರಿ, ಯಾವುದಕ್ಕೂ ಇರಲಿ ಅಂತ ಇವರಿಗೂ ಒಂದು ಮರೆವಿನ ಟೆಸ್ಟ್..."

ಗೋಡೆಯ ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಮಧ್ಯಾಹ್ನದ ಎರಡು ಮಾತ್ರೆಗಳು ಒಂದೂವರೆಗೆ. ಹಳದಿ ದಾರದವು.

ಅಜ್ಜಿ ಎದ್ದಳು. ಮೇಜಿನ ಮೇಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬಗಲಿಗಿಟ್ಟಳು. ಮಗನ ತೊಡೆಯ ಮೇಲಿದ್ದ ಗುಂಡಿಪೆಟ್ಟಿಗೆಗೆ ಎರಡೂ ಕೈ ಹಾಕಿದಳು. ಅವನು ಒಂದು ಕ್ಷಣ ಬಿಗಿಯಾಗಿ ಹಿಡಿದಿದ್ದ. ಅವಳು ಎಳೆಯಲಿಲ್ಲ, ಅವನನ್ನು ನೋಡುತ್ತ ನಿಂತಳು. ಅವನ ಗ್ರೀಸಿನ ಬೆರಳುಗಳು ಒಂದೊಂದಾಗಿ ಸಡಿಲವಾದವು.

"...ಬರೀ ಹತ್ತು ನಿಮಿಷ ಹಿಡಿಯುತ್ತೆ, ಕೆಲವು ಪ್ರಶ್ನೆ ಕೇಳ್ತಾರೆ ಅಷ್ಟೇ. ಅಜ್ಜಿ, ನೀವೂ ಸ್ವಲ್ಪ ಕೂತ್ಕೊಂಡು ಕೇಳಿಸ್ಕೊಳ್ಳಿ. ಇವತ್ತು ಯಾವ ವಾರ, ಯಾವ ತಿಂಗಳು, ಇಂಥವೇ..."

ಅಜ್ಜಿ ಪೆಟ್ಟಿಗೆಯನ್ನು ಸೊಂಟಕ್ಕಿಟ್ಟುಕೊಂಡು ಬಾಗಿಲು ತಳ್ಳಿದಳು.

"ಅಮ್ಮಾ," ಎಂದ ಮಗ ಹಿಂದಿನಿಂದ. "ಡಾಕ್ಟರ್ ಇನ್ನೂ ಮಾತಾಡ್ತಿದಾರೆ."

ಅವಳು ಆಗಲೇ ಅರ್ಧ ಮೊಗಸಾಲೆ ದಾಟಿದ್ದಳು. ಎದುರು ತುದಿಯ ಬಾಗಿಲಿನ ಆಚೆ ಮುದುಕ ನೀರಿಗಾಗಿ ಕೂಗುತ್ತಿದ್ದ.